ಪೂರ್ವಕ್ಕೆ ಬಾಜುದಾರರು ಯಾರು

ಶಾಮನೂರು, ದಾವಣಗೆರೆ
೧೯-೫-೧೯೯೮, ಮಂಗಳವಾರ

ಸ್ನೇಹಾಳ ಅಪ್ಪನವರಿಗೆ,

ನಸುಕಿನ ನಾಲ್ಕು ಗಂಟೆ. ಟ್ರಾಕ್ಟರಿನ ಮಾರಣ್ಣ ನಮ್ಮ ಮನೆ ಮುಂದೆ ಕಲ್ಲು ಉರುಳಿಸಿದ ಸದ್ದಿಗೆ ಎದ್ದೆ. ಎದ್ದೆ ಅನ್ನೋದೂ ತಪ್ಪೇ, ಮಲಗಿದ್ದರಲ್ಲವೇ. ನಮ್ಮ ಸೈಟನ್ನು ನಿಮಗರ್ಧ ನನಗರ್ಧ ಮಾಡಿ ನಡುವೆ ನೆಡುವ ಗಡಿಕಲ್ಲು ಇವು. ಕೊಂಡಜ್ಜಿ ಗುಡ್ಡದ ಜಮೀನಿಗೂ ಸೇರಿಸಿ ತರಿಸಿದ್ದಾನೆ ನಮ್ಮಣ್ಣ ಪರಮೇಶ್ವರಪ್ಪ. ಸ್ನೇಹಾ ಬೆಚ್ಚಿಬಿದ್ದು ಅತ್ತಳು. ಅವಳನ್ನು ತೊಡೆ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಕೋಬೇಡಿ.

ಅವಳಿಗೆ ಎರಡು ಹಲ್ಲು ಬಂದಿವೆ. ಭಾನುವಾರ ಗುಡ್ಡಕ್ಕೆ ಅಳತೆಗೆ ಬಂದಾಗ ನೋಡಿದಿರೋ ಇಲ್ಲವೋ. ಎತ್ತಿಕೊಳ್ಳುತ್ತೀರೇನೋ ಅಂದುಕೊಂಡೆ. ಅಣ್ಣನ ಹೆಗಲ ಮೇಲಿದ್ದಳಲ್ಲ, ಅದಕ್ಕೆ ಹಿಂಜರಿದಿರೇನೋ.

ಹರಿಹರಕ್ಕೆ ಬಾ, ಅವ್ವನ ಜೊತೆ ಇರೋಣ ಅಂದಿರಿ. ಸ್ವಂತ ಮನೆ ಬಿಟ್ಟು ಬರೋದಿಲ್ಲ ಅಂದೆ. ಯುಗಾದಿಗಾದರೂ ಬರುತ್ತೀರಿ ಅಂತ ಹೋಳಿಗೆ ಮಾಡಿ ಕಾದೆ. ಬರಲಿಲ್ಲ. ಆ ಸಿಟ್ಟಿಗೇ ನಾನು ಎಲ್ಲ ಭಾಗ ಆಗಿಬಿಡಲಿ ಅಂದದ್ದು. ಸರ್ವೆಯರ್ ರುದ್ರಮುನಿಯವರನ್ನು ಗೊತ್ತುಮಾಡಿ ಬಂದದ್ದೂ ನಾನೇ, ಅಣ್ಣನಲ್ಲ. ಸೈಟಿಗೊಂದು ರೇಟು, ಗುಡ್ಡಕ್ಕೊಂದು ರೇಟು ಕಣವ್ವ, ಈ ಮಂಡಿ ಇಟ್ಕೊಂಡು ಹತ್ತಬೇಕಲ್ಲ ಅಂದಿದ್ದರು. ಹ್ಞೂಂ ಅಂದು ಬಂದಿದ್ದೆ.

ಗುಡ್ಡದಲ್ಲಿ ಟೇಪಿನ ಮೇಲಿನ ತುದಿ ನಿಮಗೆ, ಕೆಳಗಿನದು ನನಗೆ ಕೊಟ್ಟರು. ಇಳಿಜಾರಿನ ಮೇಲೆ ಹಾಸಿದರೆ ಅಳತೆ ಸುಳ್ಳಾಗುತ್ತೆ, ಮಟ್ಟಸ ಹಿಡೀರಿ ಅಂದರು. ನೀವು ನೆಲಕ್ಕೆ ಕುಕ್ಕರಿಸಿದಿರಿ, ನಾನು ತಲೆ ಮೇಲೆ ಕೈ ಎತ್ತಿ ನಿಂತೆ. ಯಜಮಾನ್ರೇ ಇನ್ನೊಂಚೂರು ಬಗ್ರಿ, ತಂಗೀ ಇನ್ನೊಂಚೂರು ಎತ್ತವ್ವ ಅಂತ ಅವರು ಕೂಗಿದಾಗ ನಿಮಗೆ ನಗು ಬಂದಹಾಗಿತ್ತು. ಬಿಸಿಲಿಗೆ ನನಗೆ ಹಾಗೆ ಕಂಡಿತೋ ಏನೋ.

ಅಳತೆ ಮುಗಿದದ್ದೇ ನೀವು ಬಸ್ಸಿಗೆ ಹೋಗಿಬಿಟ್ಟಿರಿ. ಆಮೇಲೆ ರುದ್ರಮುನಿಯವರು ಈ ಸೈಟಿನ ನಕ್ಷೆ ತೆಗೆದು, ಮನೆ ಇರೋ ಅರ್ಧ ನಿನ್ನದು, ಸರಿ, ಪೂರ್ವಕ್ಕೆ ಬಾಜುದಾರರು ಯಾರವ್ವ ಅಂತ ಕೇಳಿದರು. ನಮ್ಮ ಮನೆಯವರು ಅಂದೆ. ಅವರು ಪೆನ್ನು ಎತ್ತಿ ನಕ್ಕರು. ಮನೆಯೋರು ಅಂದ್ರೆ ಮನೆಯಾಗ ಇರಬೇಕಲ್ಲವ್ವ, ಗಡಿ ಆಚೆ ಇರೋರಿಗೆ ಹೆಸರು ಬೇಕು, ಹೆಸರು ಹೇಳು ಅಂದರು. ಅಣ್ಣ ಬಾಯಿ ತೆಗೆದ. ಅವನನ್ನು ತಡೆದು ನಾನೇ ಹೇಳಿದೆ, ಕೊಟ್ಟೂರೇಶ್ ಅಂತ. ಮದುವೆಯಲ್ಲಿ ನಿಮ್ಮ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳಿಸಿದ್ದು ಬಿಟ್ಟರೆ, ನಿಮ್ಮ ಹೆಸರು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಅವರು ಬರೆದುಕೊಂಡರು.

ಕಲ್ಲು ನೆಟ್ಟ ಮೇಲೆ ನಿನಗೆ ನಿದ್ದೆ ತಾನಾಗೇ ಬರುತ್ತೆ ಅಂತಾನೆ ಅಣ್ಣ. ಅವನಿಗೇನು ಗೊತ್ತು.

ನಾಳೆ ಬೆಳಿಗ್ಗೆಯೇ ನೆಡಲು ಬರುತ್ತಾರೆ. ಬಾಜುದಾರರು ತಕರಾರು ಎತ್ತಿದರೆ ಮಾತ್ರ ಕೆಲಸ ನಿಲ್ಲಿಸುತ್ತಾರಂತೆ. ನಿಮಗೇನಾದರೂ ತಕರಾರು ಇದ್ದರೆ ತಿಳಿಸಿ. ಖಾಲಿ ಅರ್ಧಕ್ಕೆ ನಲ್ಲಿ ಇಲ್ಲ ಅನ್ನಬಹುದು, ದಾರಿ ಕಿರಿದಾಯಿತು ಅನ್ನಬಹುದು, ಏನಾದರೊಂದು.

ಪಕ್ಕದ ಮನೆ ಅಮೀನಾಬೀಯವರ ಮಗ ಅಮ್ಜದ್ ಇವತ್ತು ವ್ಯಾಪಾರಕ್ಕೆ ಹರಿಹರಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ,
ಆಶಾರಾಣಿ

ತಾ.ಕ.: ಮೇಲೆ ಒಂದು ಸುಳ್ಳು ಬರೆದೆ. ಕರೆಸಿದವರು ಬೇಡ ಅಂದರೂ ಸಾಕು, ನಿನ್ನ ಒಂದು ಮಾತಿಗೆ ನಿಲ್ಲಿಸ್ತೀನಿ ಕಣವ್ವ ಅಂತ ರುದ್ರಮುನಿಯವರು ಅವತ್ತೇ ಹೇಳಿದ್ದರು. ಆದರೆ ನಾನು ಬ್ಯಾಡ ಅಂದರೆ ಕಲ್ಲು ನೆಡೋದು ತಪ್ಪುತ್ತೆ, ಅಷ್ಟೇ. ನೀವು ಹರಿಹರದಲ್ಲೇ ಇರುತ್ತೀರಿ. ಅದಕ್ಕೇ ಆ ಮಾತು ನಿಮ್ಮಿಂದ ಬರಲಿ ಅಂತ. ಅಮೀನಾಬೀಯವರ ಮನೆಗೆ ಫೋನ್ ಮಾಡ್ರಿ, ಎಷ್ಟು ಹೊತ್ತಾದರೂ ಬಂದು ಕರೀತೀನಿ ಅಂದಿದ್ದಾರೆ. ಕಾರಣ ಗೀರಣ ಏನೂ ಬೇಕಾಗಿಲ್ಲ. ಕೈ ಮುಗೀತೀನಿ ರೀ, ನಾಳೆ ಬೆಳಗಾಗೋದರೊಳಗೆ ಒಂದು ಫೋನ್ ಮಾಡ್ರಿ.