ರಂಧ್ರದ ಮೇಲೆ ಅಂಟಿಸಿದ ಚೀಟಿ

ಮಾನ್ಯ ಆಸ್ತಿ ಪರಿಶೀಲನಾಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಕಚೇರಿಯವರು ನಮ್ಮ ಪ್ರಯೋಗಾಲಯದ ಹದಿನೇಳನೇ ಚಿಪ್‌ಗೆ ಸಂಖ್ಯೆಯ ಚೀಟಿ ಅಂಟಿಸಿ ಅದನ್ನು ಕೊಂದರು. ವರದಿಯಲ್ಲಿ 'ವಸ್ತು ಇದೆ, ಸುಸ್ಥಿತಿಯಲ್ಲಿದೆ' ಎಂದಿದೆ. ಸುಸ್ಥಿತಿಯಲ್ಲಿರುವುದು ಚೀಟಿ ಮಾತ್ರ.

ತಮಗೆ ಪುರುಸೊತ್ತಿದ್ದರೆ ಕೇಳಿ. ಆ ಚಿಪ್ ಉಗುರಿಗಿಂತ ಚಿಕ್ಕದು. ನಡುವೆ ಸಿಲಿಕಾನ್ ನೈಟ್ರೈಡಿನ, ಮುಟ್ಟಿದರೆ ಒಡೆಯುವಷ್ಟು ತೆಳು ಪೊರೆ, ಪೊರೆಯಲ್ಲಿ ಒಂದೇ ಒಂದು ನ್ಯಾನೋರಂಧ್ರ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ತೂತು. ಎರಡೂ ಬದಿ ಉಪ್ಪುನೀರು ತುಂಬಿ ವಿದ್ಯುತ್ ಹರಿಸಿದರೆ, ಒಂದೊಂದು ಅಣು ತೂರಿ ಹೋದಾಗಲೂ ಪ್ರವಾಹ ಒಂದಿಷ್ಟು ಕುಗ್ಗುತ್ತದೆ. ಆ ಕುಗ್ಗು ನೋಡಿ ಹಾದುಹೋದದ್ದು ಏನೆಂದು ಹೇಳುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ಚೀಟಿ ತಂದವರು ಒಳ್ಳೆಯ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು.

"ಮೇಡಂ, ತೂತು ಎಲ್ಲಿದೆ? ನಂಗೇನೂ ಕಾಣ್ತಿಲ್ವಲ್ಲ?"

"ಯಾರಿಗೂ ಕಾಣಲ್ಲಮ್ಮ."

"ಹಂಗಾದ್ರೆ ಚೀಟಿ ಎಲ್ಲಿ ಅಂಟಿಸ್ಲಿ?"

ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಹೋದೆ. ಬರುವಷ್ಟರಲ್ಲಿ ಚಿಪ್‌ಗಿಂತ ದೊಡ್ಡ ಚೀಟಿಯನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿದ್ದರು. ಪೊರೆ ಒಡೆದುಹೋಗಿತ್ತು. ತಮ್ಮ ಸುತ್ತೋಲೆ ಹೇಳಿದ್ದೂ ಅದನ್ನೇ: 'ಚೀಟಿಯು ಡಬ್ಬಿಯ ಮೇಲಲ್ಲ, ವಸ್ತುವಿನ ಮೇಲೆಯೇ ಇರತಕ್ಕದ್ದು.' ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನನ್ನ ದೂರಿಗೆ 'ಇನ್ನೊಂದು ಕೊರೆಯಿರಿ' ಎಂದು ತಾವು ಉತ್ತರಿಸಿದಿರಿ. ಕೊರೆಯಬಹುದು ಸ್ವಾಮಿ. ಆದರೆ ಎರಡು ರಂಧ್ರಗಳು ಒಂದೇ ಥರ ಇರುವುದಿಲ್ಲ. ಒಂದರಲ್ಲಿ ಅಳೆದದ್ದನ್ನು ಇನ್ನೊಂದರ ಅಳತೆಯ ಪಕ್ಕ ಇಟ್ಟು ಸಣ್ಣ ವ್ಯತ್ಯಾಸ ಹೇಳಲಾಗದು. ಆ ಚಿಪ್‌ನಲ್ಲಿ ಅಳೆದದ್ದು ನನ್ನ ಅಕ್ಕನ ಬೆನ್ನುಹುರಿಯ ದ್ರವದ ಪ್ರೋಟೀನು. ಅವಳ ಕೈ ನಡುಕಕ್ಕೆ ಹೊಸ ಔಷಧಿ ಶುರುವಾಗುವ ಮುಂಚೆ ತೆಗೆದ ಹನಿಗಳು ಅದರಲ್ಲೇ ಮುಗಿದವು. ಔಷಧಿಯ ನಂತರದ ಹನಿಗಳು ಫ್ರಿಜ್‌ನಲ್ಲಿ ಕೂತಿವೆ. ಔಷಧಿ ನಾಟಿದೆಯೋ ಇಲ್ಲವೋ ಅದೇ ವಾರ ತಿಳಿಯಬೇಕಿತ್ತು. ಈಗ ಅವನ್ನು ಯಾವುದರ ಜೊತೆ ಹೋಲಿಸಲಿ? ತಮ್ಮ ಚೀಟಿಯ ಜೊತೆಯೇ?

ಹೋದ ವಾರ ಅಕ್ಕನಿಗೆ ಹೇಳಿದೆ. ನಕ್ಕಳು. "ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸ್ಬಿಡೇ, ಕಳೆದುಹೋಗಲ್ಲ." ಆಮೇಲೆ ಎರಡೂ ಕೈಯಲ್ಲಿ ಲೋಟ ಎತ್ತಿ ನೀರು ಕುಡಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಮುಂಚೆಯೆಲ್ಲ ಸೆರಗು ನೆನೆಯುತ್ತಿತ್ತು. ಅದು ಔಷಧಿಯ ಗುಣವೋ ಅವಳ ಹಟವೋ ನನಗೆ ಗೊತ್ತಿರಲಿಲ್ಲ.

"ಎರಡು ತಿಂಗಳು ಮಾತ್ರೆ ನಿಲ್ಲಿಸ್ತೀನಿ, ಡಾಕ್ಟ್ರು ಮತ್ತೆ ಚುಚ್ಚಿ ಔಷಧಿ ಇಲ್ಲದ ಹನಿ ತಗೊಳ್ಳಲಿ," ಎಂದಳು. "ನನ್ನಂಥವರು ಎಷ್ಟೋ ಜನ ಇದಾರೆ. ಅವರಿಗಾದ್ರೂ ಗೊತ್ತಾಗ್ಲಿ."

ನನಗೆ ಸುಸ್ತಾಗಿದೆ. ತನಿಖೆ ಬೇಡ, ಸಮಿತಿ ಬೇಡ. ಇನ್ನು ಮುಂದೆ ಚೀಟಿ ಡಬ್ಬಿಗೆ ಸಾಕೆಂದು ಒಂದು ಸಾಲು ಬರೆಯಿರಿ. ಇನ್ನೊಂದು ಕಾಗದ ನನ್ನ ಅಕ್ಕನಿಗೆ, ತಮ್ಮದೇ ಕೈಯಲ್ಲಿ: ತಪ್ಪು ನಮ್ಮದು, ದಯವಿಟ್ಟು ಔಷಧಿ ನಿಲ್ಲಿಸಬೇಡಿ, ಎಂದು. ಬೇಗ ಬರೆಯಿರಿ. ನನ್ನ ಮಾತು ಅವಳು ಕೇಳುತ್ತಿಲ್ಲ. ಶುಕ್ರವಾರದಿಂದ ಮಾತ್ರೆ ಮುಟ್ಟಿಲ್ಲ. ಇವತ್ತು ಬೆಳಗ್ಗೆ ಲೋಟದ ನೀರು ಸೆರಗಿಗೆ ಚೆಲ್ಲಿತು.

ಇಂತಿ,
ತಮ್ಮ ಕಡತದ ಪ್ರಕಾರ ಏನನ್ನೂ ಕಳೆದುಕೊಳ್ಳದ
ಪ್ರಯೋಗಾಲಯದ ಹಿರಿಯ ತಂತ್ರಜ್ಞೆ