ಏಳನೇ ಕೇಸಿನ ಸುರಗಿ ನೀರು

೪ ಮೇ ೨೦೦೪, ಮಂಗಳವಾರ. ದಾಂಡೇಲಿ

ಬಂದ ದಿನವೇ ಸೈಬರ್ ಕೆಫೆ. ಬಿಡಬೇಕೆಂದರೂ ಬಿಡದ ಚಟ. ಲೈನು ಎರಡು ಸಲ ಕಡಿಯಿತು, ಮೂರನೇ ಸಲ ಪೇಜು ತೆರೆಯಿತು. ನನ್ನ ಪೇಪರನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದ ಲೆಕ್ಕ, ಸೈಟೇಶನ್, ಎಂಬತ್ತೊಂದು. ಹೋದ ವಾರ ಎಪ್ಪತ್ತೊಂಬತ್ತಿತ್ತು.

ನನ್ನ ಹೆಸರಿನಲ್ಲಿರುವ ಉಳಿದ ಪೇಪರುಗಳನ್ನು ಯಾರೂ ಮೂಸಿ ನೋಡಿಲ್ಲ. ಇಲಿಯ ಮೆದುಳು ಕುಯ್ದು ಬರೆದವು. ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೇ. ಹೆಸರು ತಂದದ್ದು ಇದೊಂದು. ತಲೆಗೆ ಬಿಸಿನೀರು ಹಾಕಿಕೊಂಡರೆ ಬರುವ ಫಿಟ್ಸ್. ದಾಂಡೇಲಿ, ಹಳಿಯಾಳ, ಮುಂಡಗೋಡ ಸುತ್ತಿ ಹಿಡಿದ ಹದಿನಾಲ್ಕು ಹುಡುಗಿಯರು. ಗುಳಿಗೆ ಬೇಡ, ನೀರಿನ ಬಿಸಿ ಇಳಿಸಿದರೆ ಸಾಕು. ಎರಡು ವರ್ಷ ಒಬ್ಬಳಿಗೂ ಫಿಟ್ಸ್ ಬಂದಿಲ್ಲ. ಪೇಪರ್ ಇಷ್ಟೇ. ಈ ತಿಂಗಳ ಇಪ್ಪತ್ತೇಳಕ್ಕೆ ಮೆಡಿಕಲ್ ಕಾಲೇಜಿನಲ್ಲಿ ನನ್ನ ಪ್ರಮೋಶನ್ ಇಂಟರ್ವ್ಯೂ, ಅಲ್ಲಿ ಕೇಳುವುದೂ ಇದನ್ನೇ.

ಟರ್ಕಿಯ ಡಾಕ್ಟರೊಬ್ಬರ ಮೇಲ್ ಬಂದಿದೆ. ಅಲ್ಲಿಯೂ ಈ ಕಾಯಿಲೆ ಇದೆ. ನನ್ನ ಪೇಪರ್ ನಂಬಿ ಒಂಬತ್ತು ಮಕ್ಕಳ ಗುಳಿಗೆ ನಿಲ್ಲಿಸಿದ್ದಾರಂತೆ. ಥ್ಯಾಂಕ್ಸ್ ಹೇಳಿದ್ದಾರೆ. ನಮ್ಮ ಹಳೆಯ ನೆರೆಮನೆಯ ಶಂಕ್ರೆವ್ವ ಕಾಕುವಿನ ಬಚ್ಚಲು ಟರ್ಕಿ ಮುಟ್ಟಿತು! ಕುಣಿಯುವುದೊಂದು ಬಾಕಿ.

೫ ಮೇ

ಕಾಗದದ ಮಿಲ್ಲಿನ ಕ್ವಾರ್ಟರ್ಸಿಗೆ ಹೋಗಿ ಬಂದೆ. ಅದೇ ವಾಸನೆ. ಅಪ್ಪ ಮಿಲ್ಲಿನಲ್ಲಿದ್ದಾಗ ಕಾಕುವಿನದು ಗೋಡೆಯಾಚೆಯ ಮನೆ. ಅವಳ ಕೈ ರೊಟ್ಟಿ ತಿಂದೇ ಬೆಳೆದೆ. ಮಗಳು ಸ್ವಪ್ನಾ ನನ್ನ ಏಳನೇ ಕೇಸು. ಆಗ ಹದಿಮೂರರ ಹುಡುಗಿ, ಈಗ ಮದುಮಗಳು. ಇದೇ ತಿಂಗಳ ಹದಿನಾರನೇ ತಾರೀಖು ಹಳಿಯಾಳದಲ್ಲಿ ಮದುವೆ. ಹುಡುಗ ಮಹಾಬಳೇಶ್ವರ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಫಿಟ್ಸಿನ ವಿಷಯ ಅವರಿಗೆ ಹೇಳಿಲ್ಲ. "ಹೇಳಿದ್ರ ಯಾರ ಮಾಡ್ಕೋತಾರವಾ?" ಅಂದಳು ಕಾಕು.

ನನಗೆ ಸುರಗಿಯ ಯೋಚನೆ. ಮದುವೆ ದಿನ ಬೆಳಿಗ್ಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಒಳಗೆ ಮದುಮಕ್ಕಳನ್ನು ಕೂರಿಸಿ ತಲೆ ಮೇಲೆ ಬಿಸಿನೀರು ಹಾಕುತ್ತಾರೆ. ಅದೂ ಗಂಡಿನ ಮನೆಯ ಹಂಡೆ, ಗಂಡಿನ ಕಡೆಯ ಹೆಂಗಸರು.

"ಕಾಕು, ನೀರ ಉಗುರು ಬೆಚ್ಚಗ ಇರಬೇಕ. ಅವರಿಗೆ ಹೆಂಗರ ಮಾಡಿ ಹೇಳ" ಅಂದೆ.

"ಹೆದರಬ್ಯಾಡ ದುರ್ಗಾ. ನಸುಕಿನ್ಯಾಗನ ಗುಳಿಗಿ ನುಂಗಸ್ತೇನಿ."

"ಯಾವ ಗುಳಿಗಿ?"

"ಮೊದಲ ಹುಬ್ಬಳ್ಳಿ ಡಾಕ್ಟರ್ ಕೊಟ್ಟಿದ್ದು. ತಲಿಗೆ ನೀರ ಎರೆಯೂ ದಿನ ಅದನ್ನ ಕೊಡೂದಲ್ಲಾ."

ಯಾವಾಗಿನಿಂದ ಅಂದೆ. ಯಾವಾಗಲೂ ಅಂದಳು.

ನೀರಾದರೂ ಬೆಚ್ಚಗಿತ್ತೇ ಅಂತ ಕೇಳಿದೆ. ಕಾಕು ನಕ್ಕಳು. "ಉಗುರು ಬೆಚ್ಚಗಿನ ನೀರಾಗ ತಲಿ ಎಣ್ಣಿ ಹೊಕ್ಕೈತೇನವಾ? ಸುಡುಸುಡು ನೀರನ ಬೇಕ."

"ಮತ್ತ ನಾ ಕೇಳಿದಾಗ ಗುಳಿಗಿ ಬಿಟ್ಟೇವಿ ಅಂತ ಯಾಕ ಹೇಳಿದಿ?"

"ಪರೀಕ್ಷಾ ನಿಂದಿತ್ತು. ನಮ್ಮ ಹುಡುಗಿ ನಮ್ಮ ಮಾತಿನಿಂದ ಫೇಲಾಗಬೇಕೇನ? ನಾನ ನಿನ್ನ ಜೋಡಿ ಊರೂರು ತಿರಗ್ಯಾಡಿದ್ನಿ. ಎಲ್ಲಾರಿಗೂ ಹಿಂದಿನ ಬಾಗಲಾಗ ನಿಂತು ಹೇಳೀನಿ — ದುರ್ಗಾ ಕೇಳಿದ್ರ ಗುಳಿಗಿ ಬಿಟ್ಟೇವಿ, ಛಲೋ ಐತಿ ಅನ್ರಿ."

ಎಲ್ಲಾರಿಗೂ. ಉಳಿದ ಹದಿಮೂರು ಮನೆಗೂ.

೮ ಮೇ

ಹಳಿಯಾಳಕ್ಕೆ ಹೋಗಿ ಎರಡು ಮನೆ ಕೇಳಿದೆ. ಕಾಕುವಿನ ಮಾತು ನಿಜ. ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನೇ ತೋರಿಸಿದಳು. "ನೀವು ಪಾಸಾದ್ರಿ ಹೌದಲ್ರಿ?" ಅಂತ ಕೇಳಿದಳು. ಪಾಸಾದೆ ಅಂದೆ.

ಮೂರನೇ ಮನೆಗೆ ಹೋಗಲಿಲ್ಲ. ಧೈರ್ಯವಿರಲಿಲ್ಲ.

೧೦ ಮೇ

ಹೆದರಿಕೆಯಾಗುತ್ತಿದೆ.

ಎಂಬತ್ತೊಂದು ಅಂದರೆ ಎಂಬತ್ತೊಂದು ಕಡೆ ನನ್ನ ಮಾತು ಹೋಗಿ ಕೂತಿದೆ. ಒಂದೊಂದು ಕಡೆ ಎಷ್ಟು ಬಚ್ಚಲು, ಎಷ್ಟು ಮಕ್ಕಳು... ಟರ್ಕಿಯ ಆ ಒಂಬತ್ತು ಮಕ್ಕಳಿಗೆ ಸೆರಗಿನಲ್ಲಿ ಗುಳಿಗೆ ಕಟ್ಟಿಕೊಂಡ ತಾಯಿ ಇದ್ದಾಳೋ ಇಲ್ಲವೋ. ಅವರು ಡಾಕ್ಟರ ಮಾತು ಕೇಳುವ ಒಳ್ಳೆಯ ಜನವಾಗಿದ್ದರೆ?

ಕೆಫೆಗೆ ಹೋದೆ. "ಗುಳಿಗೆ ನಿಲ್ಲಿಸಬೇಡಿ" ಎಂದು ಮೇಲ್ ಟೈಪ್ ಮಾಡಿದೆ. ಕಳಿಸುವಷ್ಟರಲ್ಲಿ ಕರೆಂಟ್ ಹೋಯಿತು. ಎದೆ ಹಗುರಾಯಿತು. ಅದಕ್ಕೇ ಈಗ ಹೆಚ್ಚು ಭಯ — ಹಗುರಾದ ಆ ಎದೆ ನನ್ನದೇ ಅಲ್ಲವೆ?

೧೩ ಮೇ

ಮತ್ತೆ ಹೋಗಿ ಕಳಿಸಿದೆ. ಟರ್ಕಿಗೆ ಮಾತ್ರ. ಪೇಪರ್ ಅಚ್ಚಾದ ಜರ್ನಲ್ಲಿನ ಎಡಿಟರಿಗೆ ಬರೆಯಲಿಲ್ಲ. ಬರೆದರೆ ಇಂಟರ್ವ್ಯೂ ಇಲ್ಲ. ಕೆಲಸ ಉಳಿದರೂ ಮುಖ ಉಳಿಯುವುದಿಲ್ಲ. ಇಪ್ಪತ್ತೇಳು ಕಳೆಯಲಿ ಅನ್ನುತ್ತಿದೆ ಮನಸ್ಸು. ಅಲ್ಲಿಯವರೆಗೆ ಯಾವ ಮಗುವಿಗೂ ಏನೂ ಆಗದಿರಲಿ, ತಾಯೀ.

ಕಾಕುವಿನ ಮುಂದೆ ಅತ್ತುಬಿಟ್ಟೆ. ನಾನು ಬರೆದದ್ದು ಪೂರಾ ಸುಳ್ಳಾಯಿತು, ನನ್ನ ಹೆಸರು ಹೋಗುತ್ತದೆ ಎಂದೆ. ಅವಳಿಗೆ ಎಷ್ಟು ತಿಳಿಯಿತೋ. ಮೊರದಲ್ಲಿದ್ದ ಅಕ್ಕಿ ಪೂರಾ ಆರಿಸಿದಳು. ಕೊನೆಗೆ, "ಆತು ಬಿಡವಾ. ಅಳಬ್ಯಾಡ. ಖರೆ ಆಕ್ಕೈತಿ" ಅಂದಳು.

ಏನು ನಿಜವಾಗುವುದು? ಸಮಾಧಾನಕ್ಕೆ ಅಂದಿರಬೇಕು.

೧೬ ಮೇ, ಭಾನುವಾರ. ಹಳಿಯಾಳ. ಬೆಳಿಗ್ಗೆ ೬.೩೫

ಗಂಡಿನ ಮನೆಯ ಒಳಕೋಣೆ. ಕೂರಲಾಗದೆ ಬರೆಯುತ್ತಿದ್ದೇನೆ.

ಎದ್ದವಳೇ ಕಾಕುವನ್ನು ಕೇಳಿದೆ, ಗುಳಿಗೆ ಕೊಟ್ಟೆಯಾ ಅಂತ. ಅವಳ ಮುಖ ಬೆಳಗಿತು.

"ಇಲ್ಲವಾ. ಇವತ್ತ ಕೊಟ್ಟಿಲ್ಲ. ನಮ್ಮಿಂದ ಸುಳ್ಳಾತು, ನಮ್ಮಿಂದನ ಖರೆ ಆಗಲಿ. ಗುಳಿಗಿ ಇಲ್ಲದನ ಎಲ್ಲಾರ ಮುಂದ ನೀರ ಹಾಕ್ಕೊಂಡು ಏಳತಾಳ. ಆಮ್ಯಾಲ ನಿನಗ ಯಾರ ಏನ ಅಂತಾರ?"

"ಕಾಕು, ಹುಚ್ಚ ಹಿಡದೈತೇನ ನಿನಗ? ಗುಳಿಗಿ ಎಲ್ಲೈತಿ? ಕೊಡಿಲ್ಲೆ."

"ದಾಂಡೇಲ್ಯಾಗ. ಮನ್ಯಾಗ ಬಿಟ್ಟ ಬಂದೀನಿ."

ಬೇಕೆಂದೇ ಬಿಟ್ಟು ಬಂದಿದ್ದಾಳೆ. ಮೆಡಿಕಲ್ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಸುರಗಿ ಏಳಕ್ಕೆ. ಸಿಕ್ಕರೂ, ಗುಳಿಗೆ ಹಿಡಿಯಲು ಎರಡು ತಾಸು ಬೇಕು.

ಹಿತ್ತಲಿಗೆ ಓಡಿದೆ. ಹಂಡೆಯಲ್ಲಿ ಬೆರಳಿಟ್ಟರೆ ಚುರ್ರೆಂದಿತು. ಒಂದು ಕೊಡ ತಣ್ಣೀರು ಸುರಿದೆ, ಇನ್ನೊಂದು ಎತ್ತುವಷ್ಟರಲ್ಲಿ ಮಾಲವ್ವ ಬಂದಳು. ಹುಡುಗನ ದೊಡ್ಡವ್ವ, ಈ ಮನೆಯಲ್ಲಿ ಅವಳದೇ ದರ್ಬಾರು.

"ಏನ ಮಾಡಾಕತ್ತೀರಿ ಬಾಯಾರ? ಸುರಗಿ ನೀರಿಗೆ ಯಾರರ ತಣ್ಣೀರ ಸುರೀತಾರೇನ್ರಿ?"

"ಭಾಳ ಸುಡತೈತ್ರಿ. ನೀರ ನಾ ಹಾಕ್ತೇನ್ರಿ ಅವರಿಗೆ."

"ಲಗ್ನ ಆಗದವ್ರು ಸುರಗಿ ನೀರ ಹಾಕಂಗಿಲ್ರಿ. ಐದ ಮಂದಿ ಮುತ್ತೈದೇರ ಅದಾರ. ನೀವು ಒಳಗ ಕುಂದರ್ರಿ. ಚಾ ಕಳಸ್ತೇನಿ."

ಮತ್ತೆರಡು ಕಟ್ಟಿಗೆ ಒಲೆಗೆ ತುರುಕಿದಳು.

೬.೫೦

ಸ್ವಪ್ನಾ ಬಂದಿದ್ದಳು. ಮೈಯೆಲ್ಲ ಅರಿಸಿನ. ಹಿಂದೆ ಗಂಡಿನ ಕಡೆಯ ಇಬ್ಬರು ಹೆಂಗಸರು. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಅಕ್ಕಾ, ಗುಳಿಗಿ ಇಲ್ಲದನ ಏನೂ ಆಗೂದಿಲ್ಲಂತ ಅವ್ವ ಅಂದಾಳ. ನೀ ಹಂಗ ಬರದೀಯಂತ. ಖರೆ ಹೌದಲ್ಲ?"

ಅವಳ ತುಟಿ ಒಣಗಿತ್ತು. ಈ ಮುಖಕ್ಕೆ ಇಲ್ಲ ಅನ್ನಲು ಆಗಲಿಲ್ಲ. "ಹೌದು. ಏನೂ ಆಗೂದಿಲ್ಲ" ಅಂದೆ.

ಕಾಕುವೂ ಉಳಿದ ಹದಿಮೂರು ತಾಯಂದಿರೂ ನನಗೆ ಹೇಳಿದ್ದು ಇದೇ ದನಿಯಲ್ಲಿ. ಆಗ ನನ್ನ ತುಟಿಯೂ ಹೀಗೇ ಒಣಗಿತ್ತೇನೋ.

ಇನ್ನೂ ಹೊತ್ತಿದೆ. ಎದ್ದು ಹೋಗಿ ಕೂಗಿಬಿಡಬಹುದು — ಇವಳಿಗೆ ಫಿಟ್ಸ್ ಬರುತ್ತದೆ, ನೀರು ಹಾಕಬೇಡಿ ಅಂತ. ಮದುವೆ ಅಲ್ಲೇ ಮುರಿಯುತ್ತದೆ. ಪೇಪರೂ ಹೋಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಿ ನಾನು ಎದ್ದಿಲ್ಲ? ಸ್ವಪ್ನಾಳ ಸಲುವಾಗಿ ಅಂತಲೇ ಅಂದುಕೊಳ್ಳುತ್ತಿದ್ದೇನೆ. ನಂಬಿಕೆ ಬರುತ್ತಿಲ್ಲ.

ಹೋಗುತ್ತೇನೆ. ಈ ಸಾಲು ಮುಗಿಸಿ ಹೋಗುತ್ತೇನೆ.

ಸೋಬಾನದ ಹಾಡು ಶುರುವಾಯಿತು. ಇಷ್ಟು ಬೇಗ? ಏಳು ಆಗಿಲ್ಲ ಇನ್ನೂ...

ಮೊದಲ ತಂಬಿಗೆ. ನಗುತ್ತಿದ್ದಾರೆ. ಮಹಾಬಳೇಶ್ವರ ಬಿಸಿ ಬಿಸಿ ಅಂತ ಕೂಗಿದ.

ಎರಡನೆಯದು. ಏನೂ ಆಗಿಲ್ಲ. ಏನೂ ಆಗಿಲ್ಲ. ದೇವರೇ, ನಾನು ಬರೆದದ್ದು ನಿಜವಿರಲಿ.

ಮೂರು. ಮಾಲವ್ವನ ದನಿಯೇ ಎಲ್ಲರಿಗಿಂತ ಮೇಲೆ.

ಹಾಡು ನಿಂತಿತು. ಯಾಕೆ ನಿಂ