ಒತ್ತಕ್ಷರ ಕಳಚಿದ ಪರದೆ

ಗುಬ್ಬಿ, ಶನಿವಾರ, ಜುಲೈ ೧೨

ಇಂದೂ ಶಿರಾ ಗೇಟಿನ ಅಂಗಡಿಯಿಂದ ಮಿನಿ ಪಿಸಿ ಕೊಳ್ಳದೆ ಮರಳಿದೆ. ಟಿವಿಗೆ ಜೋಡಿಸುವ ಆ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಸದ್ದೇ ಮಾಡುವುದಿಲ್ಲವೆಂದು ಅಂಗಡಿಯ ಸಂಗಮೇಶ್ ಹೊಗಳಿದ್ದೇ ಹೊಗಳಿದ್ದು. ಕಿವಿ ಕೇಳದ ನನ್ನ ಹೆಂಡತಿ ಶಿವರುದ್ರಮ್ಮನಿಗೆ ಸದ್ದಿನ ಚಿಂತೆಯೆಲ್ಲಿ? ಅವಳಿಗೆ ಬೇಕಾದದ್ದು ಸಿನಿಮಾದ ಕೆಳಗೆ ಮೂಡುವ ಕನ್ನಡ ಸಾಲುಗಳು. ಅಂಗಡಿಯಲ್ಲಿ ಹಾಕಿ ತೋರಿಸಿದಾಗ ಅವುಗಳಲ್ಲಿ ಒತ್ತಕ್ಷರಗಳೆಲ್ಲ ಕಳಚಿ, 'ಅಮ್ಮ' ಎಂಬುದು 'ಅಮ್ ಮ' ಆಗಿತ್ತು.

"ಅರ್ಥ ಆಗುತ್ತಲ್ಲ ಸಾರ್, ಇದೇನ್ ಪರೀಕ್ಷೆ ಪೇಪರ್ರಾ?" ಎಂದ ಸಂಗಮೇಶ್. ತೋರಿಸಿದ ಬೇರೆ ಪೆಟ್ಟಿಗೆಗಳಲ್ಲೂ ಅದೇ ದೋಷ.

ಮನೆಗೆ ಬಂದು ಕಾರಣ ಬರೆದು ತೋರಿಸಿದೆ. ಅವಳು ಸಿಡುಕಿದಳು: "ಒತ್ತು ನಾನೇ ಹಾಕ್ಕೋತೀನಿ ಕಣ್ರೀ! ಯುಗಾದಿಯಿಂದ ಟಿವೀಲಿ ಬರೀ ಬಾಯಾಡ್ಸೋದ್ನೇ ನೋಡ್ತಾ ಕೂತಿದೀನಿ."

ನಾಳೆ ತರುತ್ತೇನೆ. ತಪ್ಪು ಕನ್ನಡವನ್ನು ದುಡ್ಡು ಕೊಟ್ಟು ತರಬೇಕಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ. ಅವಳ ಪಕ್ಕದಲ್ಲಿ ಕುಳಿತು ನಾನೂ ಅದನ್ನೇ ಓದಬೇಕು, ತಿದ್ದದೆ...